ಕನಸು, ಧ್ಯಾನ, ಅರಿವು: ಯಾವ ಪಾಡ್‌ಕಾಸ್ಟ್ ಕೇಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ನನಗೆ ದಿನಾ ಬಸ್ಸಿನಲ್ಲಿ ಎರಡು ಗಂಟೆ ಹೋಗುತ್ತದೆ. ಕೆಲವು ವರ್ಷಗಳಿಂದ ಆ ಹೊತ್ತನ್ನೆಲ್ಲ ಪಾಡ್‌ಕಾಸ್ಟ್ ತಿಂದುಬಿಟ್ಟಿದೆ. ಅದರಲ್ಲೂ ಜಾಸ್ತಿ ಕೇಳಿದ್ದು ಲೂಸಿಡ್ ಡ್ರೀಮಿಂಗ್, ಧ್ಯಾನ, ಪ್ರಜ್ಞೆ ಈ ಮೂರರ ಬಗ್ಗೆ. ಗೆಳೆಯರು, ನೆಂಟರು, ಆಫೀಸಿನವರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಪ್ರತಿ ಸಲ ವಾಟ್ಸ್ಆ್ಯಪ್‌ನಲ್ಲಿ ಉದ್ದುದ್ದ ಟೈಪ್ ಮಾಡಿ ಸಾಕಾಯಿತು. ಕೇಳಿದವರ ಮಾತನ್ನು ಹಾಗೇ ಬಿಟ್ಟು, ಉತ್ತರ ಬರೆದಿಟ್ಟಿದ್ದೇನೆ.

## ಈಗಷ್ಟೇ ಶುರು ಮಾಡುವವರಿಗೆ

ಲೂಸಿಡ್ ಡ್ರೀಮಿಂಗ್ ಅಂದ್ರೆ ಹಗಲುಗನಸಾ?

ಅಲ್ಲ. ಹಗಲುಗನಸು ಕಾಣುವಾಗ ನೀವು ಎದ್ದೇ ಇರುತ್ತೀರಿ. ಇಲ್ಲಿ ಮೈ ಪೂರ್ತಿ ನಿದ್ದೆಯಲ್ಲಿರುತ್ತದೆ, ಕನಸು ನಡೆಯುತ್ತಲೇ ಇರುತ್ತದೆ, ನಡುವೆ "ಅರೆ, ಇದು ಕನಸು!" ಅಂತ ಹೊಳೆಯುತ್ತದೆ. ಅಷ್ಟೇ. ಆಮೇಲೆ ಹಾರುವುದು, ಕನಸನ್ನು ಬೇಕಾದ ಹಾಗೆ ತಿರುಗಿಸುವುದು ಎಲ್ಲರಿಗೂ ಆಗುವುದಿಲ್ಲ.

ಈ ಹೆಸರನ್ನು ಚಾಲ್ತಿಗೆ ತಂದವರು ಡಚ್ ಮನೋವೈದ್ಯ ಫ್ರೆಡರಿಕ್ ವಾನ್ ಈಡನ್, 1913ರಲ್ಲಿ. ಕನ್ನಡದಲ್ಲಿ ನಾನು ಅರಿವಿನ ಕನಸು ಅನ್ನುತ್ತೇನೆ. ನಮ್ಮಲ್ಲಿ ಕನಸು 'ಬೀಳುತ್ತದೆ', ಮಳೆ ಬಿದ್ದ ಹಾಗೆ. ಬೀಳಿಸುವುದು ನಮ್ಮ ಕೈಯಲ್ಲಿಲ್ಲ. ಅರಿವಿನ ಕನಸು ಅಂದರೆ, ಬೀಳುವ ಮಳೆಯಲ್ಲಿ ನಿಂತು ನೆನೆಯುತ್ತಿದ್ದೇನೆ ಅಂತ ಗೊತ್ತಾಗುವುದು.

ಇದು ಅಪರೂಪವೇನಲ್ಲ. ಅಲ್ಲಿಯವರೆಗಿನ ಅಧ್ಯಯನಗಳನ್ನು 2016ರಲ್ಲಿ ಒಟ್ಟು ಹಾಕಿ ನೋಡಿದಾಗ, ಶೇ. 55ರಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಹೀಗೆ ಆಗಿತ್ತು.

ಒಂದೇ ಒಂದು ಎಪಿಸೋಡ್ ಹೇಳಿ. ಲಿಸ್ಟ್ ಬೇಡ.

ರೇಡಿಯೋಲ್ಯಾಬ್‌ನ 'ವೇಕ್ ಅಪ್ ಅಂಡ್ ಡ್ರೀಮ್', 2012ರದ್ದು. ನ್ಯೂಯಾರ್ಕಿನ ಸಾರ್ವಜನಿಕ ರೇಡಿಯೋದವರು ಮಾಡಿದ್ದು. ಪತ್ರಕರ್ತ ಸ್ಟೀವ್ ವೋಕ್ ಅವರಿಗೆ ಎಷ್ಟೋ ವರ್ಷ ಒಂದೇ ಕೆಟ್ಟ ಕನಸು ಬೀಳುತ್ತಿತ್ತು. ಕೊನೆಗೆ ಕನಸಿನೊಳಗೇ ಎಚ್ಚರಾಗುವುದನ್ನು ಕಲಿತು, ತನ್ನನ್ನು ಕಾಡುವವನ ಎದುರು ನಿಲ್ಲುತ್ತಾರೆ. ಆಮೇಲೆ ಏನಾಯಿತು ಅಂತ ನಾನು ಹೇಳಲ್ಲ. ಚಿಕ್ಕ ಎಪಿಸೋಡ್. ಇದು ಹಿಡಿಸದಿದ್ದರೆ ಈ ಪುಟದ ಉಳಿದದ್ದನ್ನೆಲ್ಲ ಬಿಟ್ಟುಬಿಡಿ, ನಷ್ಟವಿಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅವರ ಸ್ಪೀಡಿಗೆ ಅರ್ಥ ಆಗುತ್ತಾ?

ಕೆಲವರದ್ದು ಆಗುತ್ತದೆ. ಕ್ರಿಸ್ಟಾ ಟಿಪೆಟ್ ಅವರ 'ಆನ್ ಬೀಯಿಂಗ್'ನಲ್ಲಿ ಮಾತು ನಿಧಾನ, ನಡುನಡುವೆ ಉಸಿರಾಡಲು ಜಾಗ ಇರುತ್ತದೆ. ಎಪಿಸೋಡಿನ ಪೂರ್ತಿ ಬರಹವೂ ಅವರ ತಾಣದಲ್ಲಿ ಸಿಗುತ್ತದೆ. ಧ್ಯಾನ ಕಲಿಸುವ ಅಮೆರಿಕದ ಜಾನ್ ಕಬಟ್-ಜಿನ್ ಮತ್ತು ವಿಯೆಟ್ನಾಮಿನ ಬೌದ್ಧ ಭಿಕ್ಷು ತಿಕ್ ನಾಟ್ ಹಾನ್ ಬಂದ ಎಪಿಸೋಡ್‌ಗಳಿಂದ ಶುರು ಮಾಡಿ.

ಇನ್ನೊಂದು ದಾರಿ ಇದೆ: ನಿಮಗೆ ಮೊದಲೇ ಗೊತ್ತಿರುವ ವಿಷಯದಿಂದ ಶುರು ಮಾಡುವುದು. ಬಿಬಿಸಿ ರೇಡಿಯೋ 4ರ 'ಇನ್ ಅವರ್ ಟೈಮ್'ನಲ್ಲಿ 2012ರಲ್ಲಿ ಉಪನಿಷತ್ತುಗಳ ಬಗ್ಗೆ ಒಂದು ಚರ್ಚೆ ಬಂತು. ಬ್ರಹ್ಮ, ಆತ್ಮ, ಯಾಜ್ಞವಲ್ಕ್ಯ ಎಲ್ಲ ನಮಗೆ ಪರಿಚಯದವರೇ. ಹಾಗಾಗಿ ಬ್ರಿಟಿಷ್ ಉಚ್ಚಾರಣೆಗೆ ಕಿವಿ ಬೇಗ ಹೊಂದಿಕೊಳ್ಳುತ್ತದೆ. ಸ್ಪೀಡನ್ನು 0.8ಕ್ಕೆ ಇಟ್ಟುಕೊಳ್ಳಲು ನಾಚಿಕೆ ಬೇಡ, ನಾನೂ ಹಾಗೇ ಶುರು ಮಾಡಿದ್ದು.

ಮೂರು ಗಂಟೆ ಮಾತು ಯಾರು ಕೇಳ್ತಾರೆ? ನಿಮಗೆ ಬೇರೆ ಕೆಲಸ ಇಲ್ವಾ?

ಸಿಲ್ಕ್ ಬೋರ್ಡ್ ಜಂಕ್ಷನ್ ಇದೆ.

ಇದೆಲ್ಲ ನಿಜಾನಾ? ನಿದ್ದೆಯಲ್ಲಿ ಎಚ್ಚರ ಇತ್ತು ಅಂತ ಸಾಬೀತು ಮಾಡೋದು ಹೇಗೆ?

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಶ್ನೆ ಇದು, ಯಾಕೆಂದರೆ ಉತ್ತರ ಒಂದು ಜಾಣ ಉಪಾಯದಲ್ಲಿದೆ. ಕನಸು ಜೋರಾಗಿರುವ ರೆಮ್ ನಿದ್ದೆಯಲ್ಲಿ ಕೈಕಾಲು ಲಕ್ವ ಹೊಡೆದ ಹಾಗೆ ಸುಮ್ಮನಾಗುತ್ತವೆ. ಆದರೆ ಕಣ್ಣುಗುಡ್ಡೆ ಓಡಾಡುತ್ತಲೇ ಇರುತ್ತದೆ. ಹಾಗಾದರೆ ಕಣ್ಣಿನಿಂದಲೇ ಸುದ್ದಿ ಕಳಿಸಬಹುದಲ್ವಾ? 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಇದನ್ನೇ ಮಾಡಿಸಿದರು. ಮಲಗಿದ್ದವರು ಆಲನ್ ವರ್ಸ್ಲಿ. ಕನಸು ಅಂತ ಗೊತ್ತಾದ ಕೂಡಲೇ, ಮೊದಲೇ ಮಾತಾಡಿಕೊಂಡ ಹಾಗೆ ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸಿದರು. ಯಂತ್ರ ಅದನ್ನು ಗೀಚಿತು. ಕೆಲವು ವರ್ಷದ ನಂತರ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಬರ್ಜ್ ಇದನ್ನು ತಾವೇ ಸ್ವತಂತ್ರವಾಗಿ ಮಾಡಿ ತೋರಿಸಿದರು. ವಿಜ್ಞಾನದ ಲೋಕ ಗಂಭೀರವಾಗಿ ತೆಗೆದುಕೊಂಡದ್ದು ಆಮೇಲೆಯೇ.

2021ರಲ್ಲಿ ಇದು ಇನ್ನೂ ಮುಂದೆ ಹೋಯಿತು. ಅಮೆರಿಕ, ಜರ್ಮನಿ, ಫ್ರಾನ್ಸ್, ನೆದರ್‌ಲೆಂಡ್ಸ್‌ನ ನಾಲ್ಕು ಪ್ರಯೋಗಾಲಯಗಳು ಸೇರಿ 36 ಜನರನ್ನು ಮಲಗಿಸಿದವು. ಕನಸಿನಲ್ಲಿದ್ದವರಿಗೆ ಎಂಟರಲ್ಲಿ ಆರು ಹೋದರೆ ಎಷ್ಟು ಅಂತ ಕೇಳಿದರು. ಒಬ್ಬರು ಕಣ್ಣನ್ನು ಎರಡು ಸಲ ಆಡಿಸಿ ಉತ್ತರ ಕೊಟ್ಟರು! ಎಲ್ಲರೂ ಹಾಗೆ ಕೊಟ್ಟರು ಅಂದುಕೊಳ್ಳಬೇಡಿ. ಸರಿಯಾದ ಉತ್ತರ ಬಂದದ್ದು ಕೇಳಿದ್ದರಲ್ಲಿ ಶೇ. 18ರಷ್ಟಕ್ಕೆ ಮಾತ್ರ. ಆದರೆ ಒಂದು ಸಲ ಬಂದಿದ್ದರೂ ಅದು ದೊಡ್ಡದೇ.

ಕನಸಿನ ವಿಜ್ಞಾನ ಒಂದೇ ಕಡೆ ಬೇಕಿದ್ದರೆ 'ಹ್ಯೂಬರ್ಮನ್ ಲ್ಯಾಬ್'ನಲ್ಲಿ ನಿದ್ದೆಯ ವಿಜ್ಞಾನಿ ಮ್ಯಾಥ್ಯೂ ವಾಕರ್ ಜೊತೆ 2024ರಲ್ಲಿ ಬಂದ ಆರು ಕಂತಿನ ಸರಣಿ ಇದೆ. ಕೊನೆಯ ಕಂತು ಪೂರ್ತಿ ಕನಸು, ಕೆಟ್ಟ ಕನಸು, ಅರಿವಿನ ಕನಸಿನ ಬಗ್ಗೆ. ನೇರವಾಗಿ ಅದನ್ನೇ ಹಾಕಿಕೊಳ್ಳಬಹುದು.

## ಸ್ವಲ್ಪ ಕೇಳಿ ಅಭ್ಯಾಸವಾದವರಿಗೆ

ಹ್ಯೂಬರ್ಮನ್ ಹೇಳೋದನ್ನೆಲ್ಲ ಮಾಡಬೇಕಾ?

ಬೇಡ. ಅವರು ಸ್ಟ್ಯಾನ್‌ಫರ್ಡ್‌ನ ನರವಿಜ್ಞಾನಿ, ಅವರ ಮೂಲ ಕೆಲಸ ಕಣ್ಣು ಮತ್ತು ದೃಷ್ಟಿಯ ಮೇಲೆ. ಆ ಕಡೆ ಮಾತಾಡುವಾಗ ಕಿವಿಗೊಟ್ಟು ಕೇಳಿ. ಬೇರೆ ವಿಷಯಕ್ಕೆ ಬಂದಾಗ ಅತಿಥಿಯ ಮಾತಿಗೆ ಜಾಸ್ತಿ ಬೆಲೆ ಕೊಡಿ. ನಡುವೆ ಬರುವ ಪುಡಿ, ಹಾಸಿಗೆಗಳ ಜಾಹೀರಾತನ್ನು ದಾಟಿಸಿ.

ಒಂದು ತಮಾಷೆ ಹೇಳುತ್ತೇನೆ. ಅವರು ಎನ್‌ಎಸ್‌ಡಿಆರ್ (ನಾನ್-ಸ್ಲೀಪ್ ಡೀಪ್ ರೆಸ್ಟ್, ಅಂದರೆ ನಿದ್ದೆ ಮಾಡದೆಯೇ ಪಡೆಯುವ ಆಳದ ವಿಶ್ರಾಂತಿ) ಅಂತ ಒಂದನ್ನು ಬಹಳ ಹೇಳುತ್ತಾರೆ. ನನ್ನ ಸಹೋದ್ಯೋಗಿಯೊಬ್ಬ ಅದನ್ನು ಅಮೆರಿಕದ ಹೊಸ ಸಂಶೋಧನೆ ಅಂದುಕೊಂಡು ನನಗೆ ಕಲಿಸಲು ಬಂದ. ಮಲಗಿಕೊಂಡು, ಬಲಗೈ ಹೆಬ್ಬೆರಳಿಂದ ಶುರು ಮಾಡಿ, ಒಂದೊಂದೇ ಅಂಗದ ಮೇಲೆ ಗಮನ ಹರಿಸುವುದು. ನಮ್ಮ ಬಡಾವಣೆಯ ಯೋಗ ಕ್ಲಾಸಿನಲ್ಲಿ ಪ್ರತಿ ಶನಿವಾರ ಮಾಡಿಸುವ ಯೋಗ ನಿದ್ರೆಯೇ ಅದು. ಯೋಗ ನಿದ್ರೆಯಿಂದ ತೆಗೆದುಕೊಂಡದ್ದು ಅಂತ ಹ್ಯೂಬರ್ಮನ್ ಅವರೇ ಹೇಳುತ್ತಾರೆ. ಕೇಳುವವರು ಆ ಭಾಗ ಬಿಟ್ಟು ಕೇಳುತ್ತಾರೆ, ಅಷ್ಟೆ.

ಕೇಳಿದ್ದಾಯ್ತು, ನನಗೂ ಅಂಥ ಕನಸು ಬೀಳಬೇಕು. ಏನು ಮಾಡಲಿ?

ಮೊದಲು ಒಂದು ನೋಟ್‌ಬುಕ್ ದಿಂಬಿನ ಪಕ್ಕ ಇಡಿ. ಎದ್ದ ತಕ್ಷಣ ಮೊಬೈಲ್ ಮುಟ್ಟಬೇಡಿ, ಮಗ್ಗುಲು ಕೂಡ ಬದಲಿಸಬೇಡಿ. ನೆನಪಿಗೆ ಬಂದದ್ದನ್ನು ಬರೆಯಿರಿ. "ಬಸ್ಸು, ಹಸಿರು ಗೋಡೆ, ಅತ್ತೆ" ಅಷ್ಟಿದ್ದರೂ ಸಾಕು. ಒಂದೆರಡು ವಾರದಲ್ಲಿ ಪದೇ ಪದೇ ಬರುವ ಸಂಗತಿಗಳು ಎದ್ದು ಕಾಣುತ್ತವೆ. ನನಗೆ ಬರುತ್ತಿದ್ದದ್ದು ಪರೀಕ್ಷೆ ಹಾಲ್, ಮತ್ತು ಅಜ್ಜಿ ಮನೆಯ ಅಟ್ಟ.

ಆಮೇಲೆ ಲಬರ್ಜ್ ಅವರ ವಿಧಾನ. ಅದಕ್ಕೆ ಮೈಲ್ಡ್ ಅನ್ನುತ್ತಾರೆ. ಐದು ಗಂಟೆ ನಿದ್ದೆಯಾದ ಮೇಲೆ ಎದ್ದು, ಆಗಷ್ಟೇ ಬಿದ್ದ ಕನಸನ್ನು ನೆನೆಯಿರಿ. ಅದೇ ಕನಸಿನೊಳಗೆ "ಇದು ಕನಸು" ಅಂತ ಗುರುತು ಹಿಡಿದ ಹಾಗೆ ಕಲ್ಪಿಸಿಕೊಳ್ಳಿ. "ಮುಂದಿನ ಕನಸಿನಲ್ಲಿ ನೆನಪಾಗಬೇಕು" ಅಂತ ಮನಸ್ಸಿಗೆ ಹೇಳಿಕೊಳ್ಳುತ್ತ ಮತ್ತೆ ಮಲಗಿ. ಬೆಳಗಿನ ಜಾವವೇ ಯಾಕೆ ಅಂದರೆ, ರೆಮ್ ನಿದ್ದೆ ರಾತ್ರಿಯ ಕೊನೆಯಲ್ಲಿ ಉದ್ದವಾಗುತ್ತದೆ. ಹಗಲಿನಲ್ಲಿ ಆಗಾಗ ಬಾಯಿ ಮುಚ್ಚಿ, ಮೂಗು ಹಿಡಿದು ಉಸಿರಾಡಲು ನೋಡಿ. ರೂಢಿಯಾದರೆ ಕನಸಿನಲ್ಲೂ ಹಾಗೇ ಮಾಡುತ್ತೀರಿ. ಉಸಿರು ಬಂದರೆ ಕನಸು. ಆಫೀಸಿನಲ್ಲಿ ಮಾಡುವಾಗ ಮಾತ್ರ ಸುತ್ತಮುತ್ತ ನೋಡಿಕೊಳ್ಳಿ.

ನನಗೆ ಏಳು ವಾರ ಹಿಡಿಯಿತು. ಅಟ್ಟದ ಏಣಿ ಹತ್ತುತ್ತಿದ್ದೆ, ಆ ಮನೆ ಮಾರಿ ಎಷ್ಟೋ ವರ್ಷವಾಯಿತಲ್ಲ ಅಂತ ಹೊಳೆಯಿತು. ಖುಷಿಗೆ ಎದೆ ಡವಡವ ಅಂದು ಅಲ್ಲೇ ಎಚ್ಚರವಾಯಿತು. ನಾಲ್ಕು ಸೆಕೆಂಡೂ ಇರಲಿಕ್ಕಿಲ್ಲ.

ಅದಕ್ಕೂ ಮುಂಚೆ, 21 ದಿನದಲ್ಲಿ ಗ್ಯಾರಂಟಿ ಅಂದ ಒಂದು ಆನ್‌ಲೈನ್ ಕೋರ್ಸಿಗೆ ನಾಲ್ಕು ಸಾವಿರ ಕಟ್ಟಿದ್ದೆ. ಅಲ್ಲಿದ್ದದ್ದು ಮೇಲಿನ ಎರಡು ಪ್ಯಾರಾ, ಮತ್ತು ಕೊಳಲಿನ ಸಂಗೀತ.

ಅದಕ್ಕೊಂದು ಮಾತ್ರೆ ಇದೆಯಂತೆ?

ಗ್ಯಾಲಂಟಮೈನ್. ಮರೆವಿನ ಕಾಯಿಲೆಯಾದ ಆಲ್ಜೈಮರ್‌ಗೆ ಕೊಡುವ ಔಷಧ. 2018ರಲ್ಲಿ ಲಬರ್ಜ್ ಮತ್ತು ಸಂಗಡಿಗರು 121 ಜನರ ಮೇಲೆ ನೋಡಿದ್ದರು. ಸುಳ್ಳು ಮಾತ್ರೆ ತಿಂದವರಲ್ಲಿ ಶೇ. 14 ಮಂದಿಗೆ ಅರಿವಿನ ಕನಸು ಬಿತ್ತು, 8 ಮಿಲಿಗ್ರಾಂ ತಿಂದವರಲ್ಲಿ ಶೇ. 42 ಮಂದಿಗೆ. ಅವರೆಲ್ಲ ನಡುರಾತ್ರಿ ಎದ್ದು ಮೈಲ್ಡ್ ಕೂಡ ಮಾಡುತ್ತಿದ್ದರು. ಮಾತ್ರೆಯ ಸುದ್ದಿ ಹೇಳುವವರು ಅದನ್ನು ಬಿಟ್ಟುಬಿಡುತ್ತಾರೆ. ಹೃದಯದ ಬಡಿತ, ಹೊಟ್ಟೆ ಎರಡರ ಮೇಲೂ ಪರಿಣಾಮ ಮಾಡುವ ಮದ್ದು. ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಧ್ಯಾನ ಮಾಡ್ತಾ ಇದ್ರೆ ಇಂಥ ಕನಸು ತಾನಾಗೇ ಬರುತ್ತಾ?

ಭಾಗಶಃ ಹೌದು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆಂಜಮಿನ್ ಬೇರ್ಡ್, ರಿಚರ್ಡ್ ಡೇವಿಡ್ಸನ್ ಮೊದಲಾದವರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಪ್ರಶ್ನೆಯದ್ದು. ಬಹಳ ವರ್ಷದಿಂದ ಧ್ಯಾನ ಮಾಡುವವರಿಗೆ ಅರಿವಿನ ಕನಸು ಬೇರೆಯವರಿಗಿಂತ ಜಾಸ್ತಿ ಬೀಳುತ್ತಿತ್ತು. ಆದರೆ ಎಂಟು ವಾರದ ಮೈಂಡ್‌ಫುಲ್‌ನೆಸ್ ಕೋರ್ಸ್ ಮುಗಿಸಿದವರಲ್ಲಿ ಏನೂ ಬದಲಾಗಲಿಲ್ಲ. ಅವಸರದವರಿಗೆ ಬೇಸರದ ಸುದ್ದಿ.

ಟಿಬೆಟಿನ ಬೌದ್ಧರಿಗೆ ಇದು ಹೊಸತಲ್ಲ. ಹಳೇ ಬೌದ್ಧ ಗುರು ನಾರೋಪನ ಆರು ಯೋಗಗಳಲ್ಲಿ ಕನಸಿನ ಯೋಗವೂ ಒಂದು. ಟಿಬೆಟನ್ ಭಾಷೆಯಲ್ಲಿ ಅದು ಮಿಲಮ್. ಕನಸಿನಲ್ಲಿ ಎಚ್ಚರಾಗಿ ಹಾರಾಡುವುದು ಅವರ ಗುರಿಯಲ್ಲ. ಕನಸು ಎಷ್ಟು ಪೊಳ್ಳೋ ಎಚ್ಚರದ ಲೋಕವೂ ಅಷ್ಟೇ ಪೊಳ್ಳು ಅಂತ ಕಾಣುವುದು ಗುರಿ. ಬೈಲಕುಪ್ಪೆಯ ಚಿನ್ನದ ದೇವಸ್ಥಾನದ ಮುಂದೆ ಫೋಟೋ ತೆಗೆಸಿಕೊಂಡವರು ನಮ್ಮಲ್ಲಿ ಲಕ್ಷಗಟ್ಟಲೆ ಇದ್ದಾರೆ. ಮೈಸೂರಿನ ಹತ್ತಿರದ ಆ ನಮ್‌ಡ್ರೋಲಿಂಗ್ ಮಠ ನ್ಯಿಂಗ್ಮಾ ಪಂಥದ್ದು, ಆ ಪಂಥದಲ್ಲೂ ಈ ಅಭ್ಯಾಸ ಇದೆ. ಗೈಡುಗಳು ಅದನ್ನು ಹೇಳುವುದಿಲ್ಲ, ಪಾಪ.

ಪಾಡ್‌ಕಾಸ್ಟ್ ಅಂದರೆ ಆಂಡ್ರ್ಯೂ ಹೋಲೆಸೆಕ್ ಅವರ 'ಎಡ್ಜ್ ಆಫ್ ಮೈಂಡ್'. ಮೂರು ವರ್ಷದ ಟಿಬೆಟನ್ ಏಕಾಂತ ಮುಗಿಸಿದವರು, ಕನಸಿನ ಯೋಗವನ್ನೇ ಕಲಿಸುವವರು. ಮಾತು ಸ್ವಲ್ಪ ಜಾಸ್ತಿ, ಅತಿಥಿಗಿಂತ ಒಮ್ಮೊಮ್ಮೆ ಅವರೇ ಉದ್ದ ಮಾತಾಡುತ್ತಾರೆ. ಆದರೂ ತಾವು ಮಾಡಿ ನೋಡಿದ್ದನ್ನೇ ಹೇಳುತ್ತಾರೆ.

ಕನಸು ಬೇಡ, ಧ್ಯಾನದ್ದು ಮಾತ್ರ ಹೇಳಿ. ಪ್ರವಚನ ಆಗಬಾರದು.

ಡ್ಯಾನ್ ಹ್ಯಾರಿಸ್ ಅವರ 'ಟೆನ್ ಪರ್ಸೆಂಟ್ ಹ್ಯಾಪಿಯರ್'. 2004ರಲ್ಲಿ ಟಿವಿಯಲ್ಲಿ ನೇರಪ್ರಸಾರದಲ್ಲಿ ಸುದ್ದಿ ಓದುತ್ತಲೇ ಅವರಿಗೆ ಪ್ಯಾನಿಕ್ ಅಟ್ಯಾಕ್ ಆಯಿತು. ಧ್ಯಾನಕ್ಕೆ ಬಂದದ್ದು ಆಮೇಲೆ, ಅದೂ ಗೊಣಗುತ್ತ. ಆ ಗೊಣಗಾಟ ಇನ್ನೂ ಉಳಿಸಿಕೊಂಡಿದ್ದಾರೆ. ಅದೇ ಅವರ ಚೆಂದ.

ಇನ್ನೊಬ್ಬ ಹ್ಯಾರಿಸ್ ಇದ್ದಾರೆ, ಸ್ಯಾಮ್. ನೆಂಟರಲ್ಲ. ಅವರ 'ಮೇಕಿಂಗ್ ಸೆನ್ಸ್'ಗೆ ಮೊದಲು 'ವೇಕಿಂಗ್ ಅಪ್' ಅಂತಲೇ ಹೆಸರಿತ್ತು. ಶುರುವಿನ ಎಪಿಸೋಡ್‌ಗಳಲ್ಲಿ ಜೋಸೆಫ್ ಗೋಲ್ಡ್‌ಸ್ಟೀನ್ ಜೊತೆಗಿನ 'ದ ಪಾತ್ ಅಂಡ್ ದ ಪಾಯಿಂಟ್' ಹುಡುಕಿ. ಗೋಲ್ಡ್‌ಸ್ಟೀನ್ 1960ರ ದಶಕದಲ್ಲಿ ಬೋಧಗಯೆಯಲ್ಲಿ ಮುನೀಂದ್ರ ಅವರಿಂದ ವಿಪಶ್ಯನ ಕಲಿತವರು. ಹ್ಯಾರಿಸ್ ಲಖನೌದಲ್ಲಿ ರಮಣರ ಶಿಷ್ಯ ಪೂಂಜಾಜಿ ಅವರ ಬಳಿ ಕೂತವರು, ನೇಪಾಳದಲ್ಲಿ ಟುಲ್ಕು ಉರ್ಗ್ಯೆನ್ ರಿಂಪೋಚೆ ಅವರಿಂದ ಜೋಗ್ಚೆನ್ ಅನ್ನುವ ಟಿಬೆಟನ್ ಧ್ಯಾನ ಕಲಿತವರು. ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕಾ, ಈಗಲೇ ಇಲ್ಲೇ ಕಾಣಬಹುದಾ ಅಂತ ಇಬ್ಬರು ಹಳೇ ಗೆಳೆಯರು ಜಗಳವಾಡುತ್ತಾರೆ. ಕೋಪವಿಲ್ಲದ ಜಗಳ. ಇಷ್ಟು ಒಳ್ಳೆಯ ಭಿನ್ನಾಭಿಪ್ರಾಯ ನಾನು ಬೇರೆಲ್ಲೂ ಕೇಳಿಲ್ಲ. ಈಗ ಸ್ಯಾಮ್ ಹ್ಯಾರಿಸ್ ಅವರ ಎಪಿಸೋಡ್‌ಗಳನ್ನು ಪೂರ್ತಿ ಕೇಳಲು ಸಾಮಾನ್ಯವಾಗಿ ಚಂದಾ ಬೇಕು, ಗಮನದಲ್ಲಿರಲಿ.

ಇದನ್ನೆಲ್ಲ ಶುರು ಮಾಡಿದ ಮೇಲೆ ರಾತ್ರಿ ಎಚ್ಚರ ಆಗುತ್ತೆ, ಕೈಕಾಲು ಅಲ್ಲಾಡಲ್ಲ, ಎದೆ ಮೇಲೆ ಯಾರೋ ಕೂತ ಹಾಗಿರುತ್ತೆ. ಭಯ ಆಗ್ತಿದೆ.

ಅದು ಸ್ಲೀಪ್ ಪರಾಲಿಸಿಸ್. ಮನಸ್ಸಿಗೆ ಎಚ್ಚರವಾಗಿದೆ, ರೆಮ್ ನಿದ್ದೆಯ ಲಕ್ವ ಇನ್ನೂ ಬಿಟ್ಟಿಲ್ಲ. ಕನಸಿನ ಚೂರು ಕೋಣೆಯೊಳಗೆ ಬಂದು ಕೂತಿದೆ. ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ದೆವ್ವ ಅಲ್ಲ. ಬೆರಳ ತುದಿ ಅಲ್ಲಾಡಿಸಲು ನೋಡಿ, ಉಸಿರಿನ ಮೇಲೆ ಗಮನ ಇಡಿ. ನಿದ್ದೆ ಒಡೆದಷ್ಟೂ, ಅಂಗಾತ ಮಲಗಿದಷ್ಟೂ ಇದು ಜಾಸ್ತಿ. ಹಾಗಾಗಿ ಅಲಾರಂ ಇಟ್ಟು ಏಳುವುದನ್ನು ಕೆಲವು ವಾರ ನಿಲ್ಲಿಸಿ. ಪದೇ ಪದೇ ಆದರೆ ವೈದ್ಯರ ಹತ್ತಿರ ಹೋಗಿ. ಮೊದಲೇ ಭ್ರಮೆ, ಸೈಕೋಸಿಸ್ ಅಂಥ ತೊಂದರೆ ಇದ್ದವರು ಕನಸಿನ ಪ್ರಯೋಗಕ್ಕೆ ಇಳಿಯುವುದೇ ಬೇಡ.

ಧ್ಯಾನದಲ್ಲೂ ಎಲ್ಲರಿಗೂ ಒಳ್ಳೆಯದೇ ಆಗುತ್ತದೆ ಅಂತೇನಿಲ್ಲ. ಹತ್ತು ದಿನದ ಮೌನ ಶಿಬಿರಕ್ಕೆ ಹೋಗಿ ಕಷ್ಟಕ್ಕೆ ಸಿಕ್ಕವರ ಬಗ್ಗೆ ಫೈನಾನ್ಶಿಯಲ್ ಟೈಮ್ಸ್ 2024ರಲ್ಲಿ 'ದ ರಿಟ್ರೀಟ್' ಅನ್ನುವ ಸರಣಿ ಮಾಡಿತು. ನಾನು ಅಂಥ ಶಿಬಿರಕ್ಕೆ ಹೋಗಿ ಬಂದಿದ್ದೇನೆ, ನನಗೆ ಒಳ್ಳೆಯದೇ ಆಯಿತು. ಆದರೂ ಹೋಗುವ ಮುಂಚೆ ಇದನ್ನು ಕೇಳಿ ಅಂತಲೇ ಹೇಳುತ್ತೇನೆ.

## ಇನ್ನೂ ಒಳಗೆ ಇಳಿಯುವವರಿಗೆ

ಕಾನ್ಷಿಯಸ್‌ನೆಸ್, ಕಾನ್ಷಿಯಸ್‌ನೆಸ್ ಅಂತಾರಲ್ಲ, ಅದರಲ್ಲಿ ಅರ್ಥ ಆಗದಿರೋದು ಏನಿದೆ?

ಮಲ್ಲಿಗೆ ಮೂಸುತ್ತೀರಿ. ಯಾವ ಕಣ ಮೂಗಿಗೆ ತಾಗಿತು, ಯಾವ ನರ ಮಿಡಿಯಿತು, ಎಲ್ಲ ಹೇಳಬಹುದು. ಆದರೆ ಆ ಮಿಡಿತಕ್ಕೆ ಒಳಗಿನಿಂದ ಒಂದು ಘಮ ಯಾಕಿರಬೇಕು? ಯಂತ್ರದ ಹಾಗೆ ಘಮವಿಲ್ಲದೆಯೇ ಕೆಲಸ ನಡೆಯಬಹುದಿತ್ತಲ್ಲ? ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ 1990ರ ದಶಕದ ಮಧ್ಯದಲ್ಲಿ ಇದಕ್ಕೆ 'ಹಾರ್ಡ್ ಪ್ರಾಬ್ಲಮ್' ಅಂತ ಹೆಸರಿಟ್ಟರು.

1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಕ್ ಅವರೊಡನೆ ಪಂದ್ಯ ಕಟ್ಟಿದರು. ಪ್ರಜ್ಞೆಗೆ ಕಾರಣವಾದ ಮಿದುಳಿನ ಗುರುತು 25 ವರ್ಷದಲ್ಲಿ ಖಚಿತವಾಗಿ ಸಿಗುತ್ತದೆ ಅಂತ ಕಾಕ್, ಇಲ್ಲ ಅಂತ ಚಾಮರ್ಸ್. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ವೇದಿಕೆಯ ಮೇಲೆ ಕಾಕ್ ಸೋತೆ ಅಂತ ಒಪ್ಪಿ ವೈನ್ ಕೊಟ್ಟರು.

ಚಾಮರ್ಸ್ ಅವರನ್ನು ಎರಡು ಕಡೆ ಕೇಳಿ. ಸ್ಯಾಮ್ ಹ್ಯಾರಿಸ್ ಜೊತೆಗಿನ 34ನೇ ಎಪಿಸೋಡ್‌ನಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ ಪಕ್ಷ. ಭೌತವಿಜ್ಞಾನಿ ಶಾನ್ ಕ್ಯಾರಲ್ ಅವರ 'ಮೈಂಡ್‌ಸ್ಕೇಪ್'ನಲ್ಲಿ ಎದುರು ಪಕ್ಷ. ಎಲ್ಲವೂ ಭೌತಶಾಸ್ತ್ರವೇ ಅನ್ನುವ ಕ್ಯಾರಲ್ ಬಿಟ್ಟುಕೊಡುವುದಿಲ್ಲ. ನನ್ನ ಆಯ್ಕೆ ಎರಡನೆಯದು.

ಮೆಟ್ಜಿಂಗರ್ ಎಪಿಸೋಡ್ ಅರ್ಧಕ್ಕೇ ಬಿಟ್ಟೆ. ಮತ್ತೆ ಕೇಳಬೇಕಾ?

ಕೇಳಿ. ಸ್ಯಾಮ್ ಹ್ಯಾರಿಸ್ ಅವರ 96ನೇ ಎಪಿಸೋಡ್ ಅದು. ಜರ್ಮನ್ ಇಂಗ್ಲಿಷ್, ಗಟ್ಟಿ ವಿಷಯ, ಮೊದಲ ಸಲ ನಾನೂ ಬಿಟ್ಟಿದ್ದೆ. ತತ್ವಶಾಸ್ತ್ರಜ್ಞ ಥಾಮಸ್ ಮೆಟ್ಜಿಂಗರ್ ಹೇಳುವುದು ಇಷ್ಟು: 'ನಾನು' ಅನ್ನುವುದು ಮಿದುಳು ಕಟ್ಟಿಕೊಂಡ ಒಂದು ಮಾದರಿ. ಕಿಟಕಿಯ ಗಾಜಿನ ಹಾಗೆ ಅದರ ಮೂಲಕ ನೋಡುತ್ತೇವೆ, ಗಾಜು ಕಾಣುವುದಿಲ್ಲ. ಅರಿವಿನ ಕನಸು ಅವರಿಗೆ ಯಾಕೆ ಮುಖ್ಯ ಅಂತ ಆಗ ಗೊತ್ತಾಗುತ್ತದೆ. ಇದು ಮಿದುಳು ಕಟ್ಟಿದ ಲೋಕ ಅಂತ ಅದರೊಳಗಿದ್ದೇ ಗೊತ್ತಾಗುವ ಜಾಗ ಅದು. ಅಂದರೆ ಗಾಜಿನ ಮೇಲಿನ ಬೆರಳಚ್ಚು ಕಂಡ ಹಾಗೆ.

ಅನಿಲ್ ಸೇಥ್ ಹೇಳೋದು ಶಂಕರರ ಮಾಯೆಯೇ ಅಲ್ವಾ? ಉಪನಿಷತ್ತಲ್ಲಿ ಎಲ್ಲ ಇದೆ, ಇವರದೇನು ಹೊಸದು?

ಮೇಲಿಂದ ನೋಡಿದರೆ ಹಾಗೇ ಕಾಣುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ನರವಿಜ್ಞಾನಿ ಸೇಥ್ ಪ್ರಕಾರ ನಾವು ಕಾಣುವುದು ಹತೋಟಿಯಲ್ಲಿರುವ ಭ್ರಮೆ. ಮಿದುಳು ಊಹಿಸುತ್ತದೆ, ಕಣ್ಣು ಕಿವಿ ಆ ಊಹೆಯನ್ನು ತಿದ್ದುತ್ತವೆ. ಕನಸಿನಲ್ಲಿ ತಿದ್ದುವವರಿಲ್ಲ. 'ಮೇಕಿಂಗ್ ಸೆನ್ಸ್'ನ 113ನೇ ಎಪಿಸೋಡ್‌ನಲ್ಲಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ.

ಆದರೆ ದಾರಿ ಎಲ್ಲಿ ಬೇರೆಯಾಗುತ್ತದೆ ನೋಡಿ. ಸೇಥ್‌ಗೆ ಈ ಭ್ರಮೆ ಇರುವುದು ಮೈ ಉಳಿಯಲಿ ಅಂತ. ಮೈ ಹೋದರೆ ಅರಿವೂ ಇಲ್ಲ. ಶಂಕರರಿಗೆ ಮೈ ಕೂಡ ತೋರಿಕೆ, ಅರಿವೊಂದೇ ನಿಜ. ಇಬ್ಬರೂ ಒಂದೇ ಹಗ್ಗದ ಎರಡು ತುದಿ ಹಿಡಿದು ಎಳೆಯುತ್ತಿದ್ದಾರೆ. 'ಎಲ್ಲ ನಮ್ಮಲ್ಲೇ ಇತ್ತು' ಅಂದುಬಿಟ್ಟರೆ ಆ ಎಳೆದಾಟ ಕಾಣದೇ ಹೋಗುತ್ತದೆ. ಎಚ್ಚರ, ಕನಸು, ನಿದ್ದೆಯ ಬಗ್ಗೆ ಹೇಳುವ ಮಾಂಡೂಕ್ಯ ಉಪನಿಷತ್ತಿನಲ್ಲಿರುವುದು ಹನ್ನೆರಡೇ ಮಂತ್ರ. ಹೀಗೆ ಹೇಳುವವರಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ ಅಂತ ನನಗೊಂದು ಅನುಮಾನ.

ಕನಸೇ ಇಲ್ಲದ ಗಾಢ ನಿದ್ದೆಯಲ್ಲೂ ಅರಿವು ಇರುತ್ತಾ?

ನಿದ್ದೆಯ ವಿಜ್ಞಾನ ಬಹಳ ಕಾಲ ಇಲ್ಲ ಅಂದುಕೊಂಡಿತ್ತು. ಅದ್ವೈತಿಗಳು ಇರುತ್ತದೆ ಅಂದರು. ಅವರ ವಾದ ಸರಳ: ಎದ್ದ ಮೇಲೆ "ಸುಖವಾಗಿ ಮಲಗಿದ್ದೆ, ಏನೂ ತಿಳಿಯಲಿಲ್ಲ" ಅನ್ನುತ್ತೀರಿ. ಆ ಸುಖವನ್ನೂ ಆ 'ಏನೂ ಇಲ್ಲ'ವನ್ನೂ ಕಂಡವರು ಯಾರೋ ಇದ್ದರೆ ತಾನೇ ನೆನಪಾಗುವುದು? ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತರ್ಕಶಾಸ್ತ್ರಿಗಳು, ಒಪ್ಪಲಿಲ್ಲ. ಅದು ನೆನಪಲ್ಲ, ಎದ್ದ ಮೇಲೆ ಮಾಡಿದ ಊಹೆ ಅಂದರು.

ಈ ಹಳೇ ವಾದ 2016ರಲ್ಲಿ ಪ್ರಯೋಗಾಲಯದ ಭಾಷೆಯಲ್ಲಿ ಮತ್ತೆ ಎದ್ದಿತು. ಜೆನಿಫರ್ ವಿಂಟ್, ಟೋರೆ ನೀಲ್ಸನ್, ಇವಾನ್ ಥಾಂಪ್ಸನ್ ಸೇರಿ, ಕನಸಿಲ್ಲದ ನಿದ್ದೆಯನ್ನೆಲ್ಲ ಒಂದೇ ಮೂಟೆಗೆ ಕಟ್ಟಬೇಡಿ, ಅದರಲ್ಲೂ ಬಗೆಬಗೆಯ ಅನುಭವ ಇರಬಹುದು ಅಂತ ಬರೆದರು. ಥಾಂಪ್ಸನ್ ಕೆನಡಾದ ತತ್ವಶಾಸ್ತ್ರಜ್ಞ, ಅದ್ವೈತಿ–ನೈಯಾಯಿಕರ ಈ ಜಗಳವನ್ನು ಚೆನ್ನಾಗಿ ಓದಿಕೊಂಡವರು. ಅಮೆರಿಕದ ಲೇಖಕ ರಾಬರ್ಟ್ ರೈಟ್ ಜೊತೆ ಬೌದ್ಧ ಧರ್ಮ ಮತ್ತು ವಿಜ್ಞಾನದ ಬಗ್ಗೆ ಅವರು ವಾದ ಮಾಡಿದ ಸಂಭಾಷಣೆ ಹುಡುಕಿ ಕೇಳಿ. ಅವರು ಹೇಗೆ ಯೋಚಿಸುತ್ತಾರೆ ಅಂತ ಅದರಲ್ಲಿ ಗೊತ್ತಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ವಿಪಶ್ಯನ ಮಾಡುವವರ ತಲೆಗೆ ತಂತಿ ಹಚ್ಚಿ ರಾತ್ರಿಯಿಡೀ ನಿದ್ದೆ ಅಳೆದಿದ್ದಾರೆ. ವಯಸ್ಸಾದ ಹಾಗೆ ಎಲ್ಲರಿಗೂ ಕಡಿಮೆಯಾಗುವ ಗಾಢ ನಿದ್ದೆ ಧ್ಯಾನಿಗಳಲ್ಲಿ ಅಷ್ಟಾಗಿ ಕಡಿಮೆಯಾಗಿರಲಿಲ್ಲ.

ನಮ್ಮಜ್ಜಿ ಬೆಳಿಗ್ಗೆ ಎದ್ದು ಸೆರಗು ಸರಿಮಾಡಿಕೊಳ್ಳುತ್ತ "ಹಾಯಾಗಿ ನಿದ್ದೆ ಬಂತು ಕಣೋ, ಒಂದೂ ಗೊತ್ತಾಗ್ಲಿಲ್ಲ" ಅನ್ನುತ್ತಿದ್ದರು. ಅದು ನೆನಪೋ, ಊಹೆಯೋ? ಬಸ್ಸಿನಲ್ಲಿ ಕೂತು ನಾನು ಇನ್ನೂ ಅಲ್ಲೇ ಇದ್ದೇನೆ.